ನವಲಗುಂದದ ವೀರಗಲ್ಲು

ಹೋದ ವರ್ಷ ನವಲಗುಂದಕ್ಕ ಸಂತಿಗೆ ಹೋದಾಗ ನಮ್ಮವ್ವ ವೀರಗಲ್ಲಿನ ಮುಂದ ಚಪ್ಪಲಿ ಬಿಟ್ಟು ಕೈ ಮುಗದ್ಲು. ನನ್ನ ಮಗಳು ಕೇಳಿದ್ಲು, “ಆಯಿ, ಇದು ಯಾವ ದೇವ್ರು?”

“ದೇವ್ರಲ್ಲವ್ವಾ, ನಮ್ಮಂಥ ರೈತ.”

ನಮ್ಮ ಕಡೆ ಹಳೇ ಗುಡಿಗಳ ಮುಂದ ವೀರಗಲ್ಲು ಭಾಳ ಅದಾವ. ದನಾ ಹೊಡಕೊಂಡು ಹೋಗಾಕ ಬಂದವ್ರ ಕೂಡ ಬಡದಾಡಿ ಸತ್ತವ್ರ ನೆನಪಿಗೆ ನಿಲ್ಲಿಸಿದವು. ಕೆಳಗ ಕಾಳಗ, ನಡುವ ಅಪ್ಸರೆಯರು, ಮ್ಯಾಲ ಶಿವಲಿಂಗ. ಈ ಕಲ್ಲು ಮಾತ್ರ 1980ರ ನೆನಪಿಗೆ ನಿಲ್ಲಿಸಿದ್ದು.

ನಮ್ಮದು ಎರಿ ನೆಲ, ಮಳಿ ನಂಬಿದ ಒಕ್ಕಲುತನ. ನವಿಲುತೀರ್ಥದಾಗ ಮಲಪ್ರಭಾಕ್ಕ ಆಣೆಕಟ್ಟು ಆತು, ಕಾಲುವಿ ಬಂತು. ಜೋಳ, ಕಡ್ಲಿ ಬಿತ್ತವ್ರು ಹತ್ತಿಗೆ ತಿರುಗಿದ್ರು. ಆಮ್ಯಾಲ ಹತ್ತಿ ರೇಟು ಬಿತ್ತು, ಕೆಲವು ಹೊಲ ಜವಳು ಹಿಡದ್ವು. ಅದರ ಮ್ಯಾಲ ಬೆಟರ್‌ಮೆಂಟ್ ಲೆವಿ, ಅಂದ್ರ ನೀರಾವರಿಯಿಂದ ನಿಮ್ಮ ಹೊಲದ ಬೆಲಿ ಏರೇತಿ ಅಂತ ಹಾಕೂ ಕರ. ನೀರು ಮುಟ್ಟದ ಹೊಲಕ್ಕೂ ನೋಟೀಸು ಬಂದ್ವು. ನಮ್ಮ ಮನಿಗೆ ಬಂದದ್ದನ್ನ ಅಪ್ಪ ಟ್ರಂಕಿನ ತಳದಾಗ ಇಟ್ಟಿದ್ದ.

1980ರ ಜುಲೈ 21. ನವಲಗುಂದದಾಗ ರೈತರು ಕೂಡಿದ್ರು. ಗೋಲಿಬಾರ್ ಆತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ರು. ಅದೇ ದಿನ ನರಗುಂದದಾಗ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ರು, ಪೊಲೀಸರೂ ಜೀವಾ ಕಳಕೊಂಡ್ರು. ಆ ಬೆಂಕಿ ರಾಜ್ಯಕ್ಕೆಲ್ಲ ಹಬ್ಬಿತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು.

ಅಪ್ಪನೂ ಆವತ್ತು ಚಕ್ಕಡಿ ಕಟ್ಟಿಕೊಂಡು ಹೋಗಿದ್ದ. ಅವ್ವ ನಡುರಾತ್ರಿ ತನಕ ಹೊಚ್ಚಲದಾಗ ಕೂತಿದ್ಲಂತ. ಅಪ್ಪ ರುಮಾಲಿಲ್ಲದ ತಲಿಲೇ ಬಂದ. “ಎತ್ತು ಬೆದರಿದ್ವು” ಅಂದ, ಅಷ್ಟ. ಸಾಯೂತನ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಈಗ ಚಕ್ಕಡಿ ನಿಲ್ಲೂ ಜಾಗಾದಾಗ ಟ್ರ್ಯಾಕ್ಟರ್, ಬೈಕು, ಮೊಬೈಲ್ ಅಂಗಡಿ, ಬ್ಯಾನರು. ಪ್ರತಿ ಜುಲೈ 21ಕ್ಕ ಎಲ್ಲಾ ಪಕ್ಷದವ್ರೂ ಬಂದು ಕಲ್ಲಿಗೆ ಹಾರ ಹಾಕ್ತಾರ. 2015ರಿಂದ ಮಹದಾಯಿ ಹೋರಾಟದ ಪೆಂಡಾಲು ಈ ಊರಿಗೆ ರೂಢಿ ಆತು. 2016ರ ಜುಲೈಯಾಗ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಿರಸ್ಕರಿಸಿದಾಗ ನವಲಗುಂದ ಮತ್ತ ಹೊತ್ತಿ ಉರೀತು, ಯಮನೂರಾಗ ಲಾಠಿ ಏಟು ಬಿದ್ವು. 2018ಕ್ಕ 13.42 ಟಿಎಂಸಿ ಅಂತ ತೀರ್ಪು ಬಂತು. ಕಳಸಾ-ಬಂಡೂರಿ ನೀರು ಇನ್ನೂ ಬಂದಿಲ್ಲ.

ಅಂದ್ರ ಅಂದು ನೀರಿನ ಕರದ ಜಗಳ, ಇಂದು ನೀರಿನ ಜಗಳ. ಚೌಕ ಬದಲಾತು, ಜನ ಮಾತ್ರ ಅದೇ ಕಲ್ಲಿನ ಮುಂದ ಬಂದು ಕೂಡತಾರ.

ಊರಿಗೆ ಬರೂ ಬಸ್ಸಿನ್ಯಾಗ ಮಗಳು ಕೇಳಿದ್ಲು, “ಆಯಿ, ಆ ರೈತನ ಹೆಸರೇನು?” ಅವ್ವ ಹೇಳಿದ್ಲು. ಮಗಳು ಎರಡು ಸಲ ಬಾಯಾಗ ಅಂದುಕೊಂಡ್ಲು. ಮನಿಗೆ ಬಂದು ನಾನು ಟ್ರಂಕು ತೆಗೆದು ಆ ನೋಟೀಸು ಆಕಿ ಕೈಯಾಗ ಕೊಟ್ಟೆ.