ಸುಣ್ಣದ ಗೊಂಬೆ, ತಾಯಿ ಮತ್ತು ಕೂಸು

ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದವರು ವಾಡಿ ಜಂಕ್ಷನ್ ನೋಡಿರ್ತೀರಿ. ಗಾಡಿ ನಿಂತಾಗ ಒಂದು ಚಹಾ ಕುಡಿದು ಮರೆತೂ ಇರ್ತೀರಿ. ನಮ್ಮ ಹಳ್ಳಿ ಅಲ್ಲಿಂದ ಹತ್ತಿರ. ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ನಮ್ಮ ಹೊಲದಲ್ಲಿ ನಿಂತರೆ ಕಾಣ್ತದೆ. ನೆಲ ಅಗೆದರೆ ಸುಣ್ಣದ ಕಲ್ಲು, ಮನೆಗೆ ಹಾಸೋದು ಶಹಾಬಾದ್ ಫರಸಿ, ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟೋದು ಮಾಮೂಲು.

ಹೈಸ್ಕೂಲಿನಲ್ಲಿ ನನಗೊಬ್ಬ ಗೆಳೆಯ ಇದ್ದ. ರೈಲ್ವೆ ಕ್ವಾರ್ಟರ್ಸ್‌ನ ಕ್ರಿಶ್ಚಿಯನ್ ಮನೆಯವನು. ಅವರ ಕಾಕಾ ಇಂಗ್ಲೆಂಡಿನಲ್ಲಿ, ಅತ್ತೆ ಅಮೆರಿಕದಲ್ಲಿ. ಅವರಿಂದ ಬಂದ ಹಳೆಯ ಕ್ರಿಸ್‌ಮಸ್ ಕಾರ್ಡುಗಳ ಲಕೋಟೆಗಳನ್ನ ಅವನ ತಾಯಿ ಒಂದು ಡಬ್ಬಿಯಲ್ಲಿ ಇಟ್ಟಿದ್ದರು. ಅದರಿಂದ ಎರಡು ಅಂಚೆಚೀಟಿ ಕತ್ತರಿಸಿ ನನಗೆ ಕೊಟ್ಟರು. ಮನೆಗೆ ತಂದು ಆಯಿಗೆ ತೋರಿಸಿದೆ.

ಅಮೆರಿಕದ ಚೀಟಿಯಲ್ಲಿ ಒಬ್ಬ ತಾಯಿ, ತೊಡೆಯ ಮೇಲೆ ಕೂಸು. ಆಯಿ ಕಣ್ಣ ಹತ್ತಿರ ಹಿಡಿದು, ‘ಯಾರ ಕೂಸಪಾ ಇದು? ಭಾಳ ಚಂದ ಅದ’ ಅಂದಳು. ಇಂಗ್ಲೆಂಡಿನ ಚೀಟಿಯಲ್ಲಿ ಮಕ್ಕಳು ಹಿಮದ ಮನುಷ್ಯನನ್ನ ಮಾಡ್ತಿದ್ದರು. ಆಯಿ ಸ್ವಲ್ಪ ಹೊತ್ತು ನೋಡಿ, ‘ಇದೇನು, ಸುಣ್ಣದ ಗೊಂಬಿ ಏನು?’ ಅಂತ ಕೇಳಿದಳು.

ಇದು ಮರೆತೇ ಹೋಗಿತ್ತು. ಹೋದ ಡಿಸೆಂಬರಿನಲ್ಲಿ ಆಫೀಸಿನ ಮೀಟಿಂಗ್ ಒಂದರಲ್ಲಿ ನೆನಪಾಯ್ತು. ಕ್ಲೈಂಟ್‌ಗಳಿಗೆ ವರ್ಷಾಂತ್ಯದ ಶುಭಾಶಯ ಕಾರ್ಡು ಕಳಿಸಬೇಕಿತ್ತು. ‘ಧಾರ್ಮಿಕ ಏನೂ ಬೇಡ, ನ್ಯೂಟ್ರಲ್ ಇರಲಿ’ ಅಂತ ತೀರ್ಮಾನ. ನ್ಯೂಟ್ರಲ್ ಅಂದ್ರೆ ಏನಪ್ಪಾ ಅಂತ ನೋಡಿದ್ರೆ ಹಿಮ, ಪೈನ್ ಮರ, ಹಿಮಸಾರಂಗ. ಪಕ್ಕದಲ್ಲಿದ್ದ ಮಂಗಳೂರಿನ ಸಹೋದ್ಯೋಗಿ ನನಗೆ ಮಾತ್ರ ಕೇಳೋ ಹಾಗೆ ಹೇಳಿದರು: ‘ನಮ್ಮನೇಲಿ ಪ್ರತಿ ವರ್ಷ ಗೋದಲಿ ಕಟ್ತೇವೆ, ಕುಸ್ವಾರ್ ಹಂಚ್ತೇವೆ. ಹಿಮ ಮಾತ್ರ ನಾನು ಈವರೆಗೆ ನೋಡಿಲ್ಲ.’

ಯಾವ ಚಿತ್ರ ಎಲ್ಲರದು, ಯಾವುದು ಒಂದು ಧರ್ಮದ್ದು? ಈ ಜಗಳ ಅಂಚೆಚೀಟಿಯ ಮೇಲೆ ಬಹಳ ಹಿಂದೆಯೇ ನಡೆದಿದೆ.

ಕ್ರಿಸ್‌ಮಸ್ ಹೆಸರಿದ್ದ ಮೊದಲ ಚೀಟಿ ಅಂತ ಸಾಮಾನ್ಯವಾಗಿ ಹೇಳೋದು ಕೆನಡಾದ 1898ರ 2 ಸೆಂಟಿನ ಚೀಟಿಯನ್ನ. ಅದರಲ್ಲಿ ಏಸುವೂ ಇಲ್ಲ, ಹಿಮವೂ ಇಲ್ಲ. ಇರೋದು ಪ್ರಪಂಚದ ನಕ್ಷೆ, ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಕೆಂಪು ಬಣ್ಣ. ಭಾರತವೂ ಕೆಂಪು. ಆ ವರ್ಷದ ಕ್ರಿಸ್‌ಮಸ್ ದಿನದಿಂದ ಸಾಮ್ರಾಜ್ಯದ ಹಲವು ಭಾಗಗಳಿಗೆ ಅಗ್ಗದ ಅಂಚೆ ದರ ಜಾರಿಗೆ ಬರ್ತಿತ್ತು, ಅದಕ್ಕೆ ಆ ಹೆಸರು. ಚೀಟಿ ಸಂಗ್ರಹಿಸುವವರು ಒಂದು ಕಥೆ ಹೇಳ್ತಾರೆ. ಇದು ರಾಜಕುಮಾರನ ಗೌರವಕ್ಕೆ ಅಂದಾಗ ವಿಕ್ಟೋರಿಯಾ ರಾಣಿ ಮುಖ ಗಂಟಿಕ್ಕಿ ‘ಯಾವ ರಾಜಕುಮಾರ?’ ಅಂದಳಂತೆ. ಅಧಿಕಾರಿ ತಕ್ಷಣ ‘ಶಾಂತಿಯ ರಾಜಕುಮಾರ, ತಾಯೀ’ ಅಂದನಂತೆ. ಅಂದ್ರೆ ಏಸು. ನಿಜವೋ ಸುಳ್ಳೋ, ಸಾಮ್ರಾಜ್ಯದ ನಕ್ಷೆಗೆ ಒಂದೇ ಮಾತಲ್ಲಿ ದೇವರು ಬಂದುಬಿಟ್ಟ.

ಅಮೆರಿಕ ಬಹಳ ಕಾಲ ಈ ಗೊಡವೆಗೆ ಹೋಗಲಿಲ್ಲ. ಅಲ್ಲಿ ಸರ್ಕಾರ ಮತ್ತು ಚರ್ಚು ಬೇರೆ ಇರಬೇಕು ಅನ್ನೋದು ಸಂವಿಧಾನದ ಮಾತು. 1962ರಲ್ಲಿ ಮೊದಲ ಕ್ರಿಸ್‌ಮಸ್ ಚೀಟಿ ಬಂದಾಗ ಎಚ್ಚರಿಕೆಯಿಂದ ಎಲೆಯ ಹಾರ, ಮೇಣದ ಬತ್ತಿ, ಬಾಗಿಲು ಅಷ್ಟೇ ಹಾಕಿದರು. ಮೊದಲು ಅಚ್ಚು ಹಾಕಿಸಿದ್ದು 35 ಕೋಟಿ. ಅದು ಸಾಲದೆ ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯ್ತು. 1966ರಲ್ಲಿ ಹದಿನೈದನೇ ಶತಮಾನದ ಚಿತ್ರಕಾರ ಹಾನ್ಸ್ ಮೆಮ್ಲಿಂಗ್ ಬರೆದ ಮೇರಿ ಮತ್ತು ಮಗುವಿನ ಚಿತ್ರ ಬಂತು. ಆಗ ಆಕ್ಷೇಪ ಎದ್ದಿತು: ಇದು ಸರ್ಕಾರದ ಚೀಟಿ, ಒಂದು ಧರ್ಮದ ಪ್ರಚಾರ ಯಾಕೆ ಮಾಡಬೇಕು? ಅಂಚೆ ಇಲಾಖೆಯ ಪರ ಇದ್ದವರ ಉತ್ತರ, ಇದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋ ಕಲಾಕೃತಿ.

ಆಕ್ಷೇಪವನ್ನ ನಾನು ಹಗುರವಾಗಿ ನೋಡೋದಿಲ್ಲ. ಮೇರಿಯನ್ನ ನಂಬದ ಒಬ್ಬ ಯಹೂದಿಯೂ ಅದೇ ಕೌಂಟರಿನಲ್ಲಿ ಚೀಟಿ ಕೊಳ್ಳಬೇಕಲ್ಲ. 1970ರಿಂದ ಅಮೆರಿಕ ಎರಡೂ ಇಡೋಕೆ ಶುರು ಮಾಡ್ತು: ಒಂದು ಕಡೆ ಏಸುವಿನ ಜನನ, ಇನ್ನೊಂದು ಕಡೆ ಮಕ್ಕಳ ಆಟಿಕೆ. 1994ರಲ್ಲಿ ತಾಯಿ-ಮಗುವಿನ ಚೀಟಿ ನಿಲ್ಲಿಸೋ ಯೋಚನೆ ಹೊರಬಿದ್ದಾಗ ಜನ ವಿರೋಧಿಸಿದರು, ಇಲಾಖೆ ಹಿಂದೆ ಸರೀತು.

ಬ್ರಿಟನ್ನಿನ ಮೊದಲ ಕ್ರಿಸ್‌ಮಸ್ ಚೀಟಿಗಳೂ 1966ರವೇ. ಬರೆದವರು ಆರು ವರ್ಷದ ಇಬ್ಬರು ಮಕ್ಕಳು. 1 ಶಿಲ್ಲಿಂಗ್ 6 ಪೆನ್ಸಿನ ಚೀಟಿಯಲ್ಲಿ ಜೇಮ್ಸ್ ಬೆರ್ರಿ ಬರೆದ ಹಿಮದ ಮನುಷ್ಯ. 3 ಪೆನ್ಸಿನ ಚೀಟಿಯಲ್ಲಿ ಕೂಸನ್ನು ನೋಡಲು ಬಂದ ಪೂರ್ವದೇಶದ ರಾಜ. ಅದನ್ನ ಬರೆದವಳು ತಸ್ವೀರ್ ಶೆಂಜಾ. ಅವಳ ತಂದೆ ಅನ್ವರ್ ಜಲಾಲ್ ಶೆಂಜಾ, ಶಿಮ್ಲಾದಲ್ಲಿ ಹುಟ್ಟಿ ಪಾಕಿಸ್ತಾನದಿಂದ ಇಂಗ್ಲೆಂಡಿಗೆ ಹೋದ ಕಲಾವಿದ. ಬೈಬಲ್ ಕಥೆಯ ಚಿತ್ರ ಬಂದದ್ದು ಆ ಮನೆಯಿಂದ. ಮುಂದೆ ಅಲ್ಲಿನ ಅಂಚೆ ಒಂದು ವರ್ಷ ಧಾರ್ಮಿಕ, ಒಂದು ವರ್ಷ ಲೌಕಿಕ ಅಂತ ಸರದಿ ಹಾಕಿಕೊಳ್ತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಅಮೆರಿಕದ್ದು ಡ್ರಾಪ್‌ಡೌನ್, ಬ್ರಿಟನ್ನಿನದು ರೊಟೇಷನ್. ಎರಡರಲ್ಲೂ ಒಂದು ಊಹೆ ಒಳಗೇ ಕೂತಿದೆ: ದೇವರಿದ್ದರೆ ಧಾರ್ಮಿಕ, ಹಿಮವಿದ್ದರೆ ಎಲ್ಲರದು. ಅವರ ಊರಲ್ಲಿ ಇದು ಸರಿ ಇರಬಹುದು. ಡಿಸೆಂಬರಿನಲ್ಲಿ ಹಿಮ ಚರ್ಚಿಗೆ ಹೋಗುವವನ ಬಾಗಿಲಿಗೂ ಬೀಳ್ತದೆ, ಹೋಗದವನ ಬಾಗಿಲಿಗೂ ಬೀಳ್ತದೆ. ವಾಡಿಯಲ್ಲಿ ಬೆಳ್ಳಗೆ ಬೀಳೋದು ಸಿಮೆಂಟಿನ ಧೂಳು.

ನಮ್ಮ ಕಡೆ ಈ ಗೆರೆ ಹೀಗೆ ಎಳೆದಿರಲಿಲ್ಲ. 1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿ ಇದ್ದವರು. ವಾಡಿ ಜಂಕ್ಷನ್ ಆಗಿದ್ದೇ 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಾಗ. ಅವರದೇ ಅಂಚೆ, ಅವರದೇ ಚೀಟಿ ಇತ್ತು. 1931ರ ಸರಣಿಯಲ್ಲಿ 8 ಆಣೆಗೆ ಅಜಂತಾ ಗುಹೆಯ ಬಾಗಿಲು, 12 ಆಣೆಗೆ ಬೀದರಿನ ಮಹಮೂದ್ ಗವಾನನ ಮದರಸಾ. ಮುಸ್ಲಿಂ ದೊರೆಯ ಚೀಟಿಯಲ್ಲಿ ಬೌದ್ಧರ ಗುಹೆ. ಸ್ವತಂತ್ರ ಭಾರತ 1949ರಲ್ಲಿ ಹೊರಡಿಸಿದ ಸರಣಿಯಲ್ಲಿ ನಟರಾಜ, ಸಾಂಚಿ ಸ್ತೂಪ, ಅಮೃತಸರದ ಸ್ವರ್ಣಮಂದಿರ, ನಮ್ಮ ವಿಜಯಪುರದ ಗೋಲಗುಮ್ಮಟ ಎಲ್ಲ ಇದ್ದವು.

1956ರಲ್ಲಿ ಬುದ್ಧ ಜಯಂತಿಯ ಚೀಟಿ ಬಂದಾಗ ಬುದ್ಧನ ಮುಖ ಹಾಕಲಿಲ್ಲ, ಬೋಧಿವೃಕ್ಷ ಹಾಕಿದರು. ವಾಡಿಗೆ ದೂರವಲ್ಲದ ಸನ್ನತಿಗೆ ಹೋದರೆ ಇದು ಎಷ್ಟು ಹಳೆಯ ದಾರಿ ಅಂತ ಗೊತ್ತಾಗ್ತದೆ. ಅಲ್ಲಿನ ಕನಗನಹಳ್ಳಿ ಸ್ತೂಪದ ಕಲ್ಲುಗಳಲ್ಲಿ ಬುದ್ಧನ ಬದಲು ಮರ, ಪಾದ ಕೆತ್ತಿದ್ದೂ ಇದೆ, ಬುದ್ಧನ ಮೂರ್ತಿಯೂ ಇದೆ. ಒಂದನ್ನ ಧಾರ್ಮಿಕ, ಇನ್ನೊಂದನ್ನ ನ್ಯೂಟ್ರಲ್ ಅಂತ ಅವರು ಬೇರೆ ಮಾಡಿರಲಿಲ್ಲ. 1964ರ ಡಿಸೆಂಬರ್ 2ರಂದು, ಪೋಪ್ ಆರನೇ ಪಾಲ್ ಮುಂಬೈಗೆ ಬಂದ ದಿನವೇ, ಸಂತ ಥಾಮಸರ 15 ಪೈಸೆಯ ಚೀಟಿ ಬಂತು. 1967ರಲ್ಲಿ ಬಸವಣ್ಣನವರದು. 2008ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹೆಸರಿನಲ್ಲೇ ಚೀಟಿ ಹೊರಟಿತು.

ಇಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳ್ತಿಲ್ಲ. ಯಾರನ್ನ ಹಾಕಬೇಕು, ಯಾರನ್ನ ಬಿಡಬೇಕು ಅಂತ ಆರಿಸೋ ಅಧಿಕಾರ ಕೆಲವರ ಕೈಯಲ್ಲೇ ಇರ್ತದೆ. ಆದರೂ ಇಲ್ಲಿನ ದಾರಿ, ನಂಬಿಕೆಯ ಚಿತ್ರ ಮುಚ್ಚಿಡೋದಲ್ಲ, ಒಬ್ಬೊಬ್ಬರದಾಗಿ ಎಲ್ಲರದನ್ನೂ ಮುಂದೆ ತರೋದು. ಮುಚ್ಚಿಟ್ಟಾಗ ಆ ಜಾಗ ಖಾಲಿ ಉಳಿಯೋದಿಲ್ಲ. ಯಾರ ಕೈ ಮೇಲಿರ್ತದೋ ಅವರ ಊರಿನ ಹವಾಮಾನ ಬಂದು ಕೂತ್ಕೊಳ್ತದೆ. ನಮ್ಮ ಮೀಟಿಂಗಿನಲ್ಲಿ ಆಗಿದ್ದೂ ಅದೇ. ಏಸುವನ್ನ ಹೊರಗಿಟ್ಟೆವು ಅಂದುಕೊಂಡೆವು, ಹೊರಗುಳಿದದ್ದು ಮಂಗಳೂರಿನ ಗೋದಲಿ.

ಮೀಟಿಂಗಿನಲ್ಲಿ ನಾನು ಆಯಿಯ ಕಥೆ ಹೇಳಿದೆ. ಎಲ್ಲರೂ ನಕ್ಕರು. ಹಿಮದ ಬದಲು ಬಿದಿರು ಕಡ್ಡಿ, ಬಣ್ಣದ ಕಾಗದದ ನಕ್ಷತ್ರ ಹಾಕೋಣ ಅಂದೆ. ‘ನಕ್ಷತ್ರ ಬೈಬಲ್ಲಿನದಲ್ವಾ?’ ಅಂದರು ಮ್ಯಾನೇಜರ್. ಹೌದು, ಬೈಬಲ್ಲಿನದೇ. ಕ್ವಾರ್ಟರ್ಸ್ ಬಾಗಿಲಿಗೆ ಅದನ್ನ ಕಟ್ಟೋವಾಗ ಏಣಿ ಹಿಡಿದು ನಿಂತವನು ನಾನು. ಕೊನೆಗೆ ಹಿಮದ ಕಾರ್ಡೇ ಹೋಯ್ತು.

ಆ ವಾರ ಬಹಳ ವರ್ಷಗಳ ಮೇಲೆ ಅಂಚೆ ಕಚೇರಿಗೆ ಹೋದೆ. ವಾಡಿಯ ಗೆಳೆಯನಿಗೆ ಕೈಯಾರೆ ನಕ್ಷತ್ರ ಬರೆದ ಕಾರ್ಡು ಕಳಿಸೋಕೆ. ‘ಕ್ರಿಸ್‌ಮಸ್ ಚೀಟಿ ಇದೆಯಾ?’ ಅಂತ ಕೇಳಿದೆ. ಇರಲಿಲ್ಲ. ಗಾಂಧೀಜಿ ಇದ್ದರು. ಅದನ್ನೇ ಅಂಟಿಸಿ ಡಬ್ಬಿಗೆ ಹಾಕಿ ಬಂದೆ.