ವಿರುಂಗ ಬೆಟ್ಟಗಳ ಗೊರಿಲ್ಲಾ: ಕೋವಿಯಿಂದ ಗಣತಿಯವರೆಗೆ

ರುವಾಂಡ, ಉಗಾಂಡ ಮತ್ತು ಕಾಂಗೊ ದೇಶಗಳ ಗಡಿಗಳು ಸೇರುವೆಡೆ ಎಂಟು ಜ್ವಾಲಾಮುಖಿಗಳ ಸಾಲಾಗಿ ಹಬ್ಬಿರುವ ವಿರುಂಗ ಪರ್ವತಶ್ರೇಣಿಯ ಗೊರಿಲ್ಲಾ, ಆ ಕಾಡನ್ನೇ ನಂಬಿ ಬದುಕಿದ ಬತ್ವಾ ಜನರಿಗೆ ತಲೆಮಾರುಗಳಿಂದ ಪರಿಚಿತವಾಗಿದ್ದರೂ, ಯುರೋಪಿನ ಪ್ರಾಣಿಶಾಸ್ತ್ರದ ದಾಖಲೆಗೆ ಸೇರಿದ್ದು 1902ರ ಅಕ್ಟೋಬರ್ 17ರಂದು. ಅಂದು ಸಬಿನ್ಯೊ ಬೆಟ್ಟವನ್ನು ಏರುತ್ತಿದ್ದ ಜರ್ಮನ್ ಸೇನಾಧಿಕಾರಿ ರಾಬರ್ಟ್ ಫಾನ್ ಬೆರಿಂಗೆ ಎರಡು ದೊಡ್ಡ ವಾನರಗಳಿಗೆ ಗುಂಡು ಹಾರಿಸಿದನು. ಕಮರಿಗೆ ಉರುಳಿದ ಅವುಗಳಲ್ಲಿ ಒಂದನ್ನು ಮಾತ್ರ ಮೇಲೆತ್ತಲು ಸಾಧ್ಯವಾಯಿತು. ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕೆ ತಲುಪಿದ ಅದರ ಅವಶೇಷಗಳನ್ನು ಪರಿಶೀಲಿಸಿದ ಪಾಲ್ ಮಾಟ್ಶಿ, 1903ರಲ್ಲಿ ಅದಕ್ಕೆ ಆ ಅಧಿಕಾರಿಯ ಹೆಸರನ್ನೇ ಇಟ್ಟರು. ಇಂದಿನ ವರ್ಗೀಕರಣದ ಪ್ರಕಾರ ಪೂರ್ವದ ಗೊರಿಲ್ಲಾ ಒಂದು ಪ್ರಭೇದ. ಬೆಟ್ಟದ ಗೊರಿಲ್ಲಾ ಅದರ ಎರಡು ಉಪಪ್ರಭೇದಗಳಲ್ಲಿ, ಅಂದರೆ ಒಂದೇ ಪ್ರಭೇದದೊಳಗೆ ನೆಲೆಯಿಂದಲೂ ಮೈಲಕ್ಷಣಗಳಿಂದಲೂ ಬೇರ್ಪಟ್ಟ ಬಳಗಗಳಲ್ಲಿ, ಒಂದು.

ಬೆರಿಂಗೆಯ ನಂತರ ಬಂದವರೂ ಮೊದಮೊದಲು ಕೋವಿ ಹಿಡಿದೇ ಬಂದರು. 1921ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಪರವಾಗಿ ಬಂದ ಕಾರ್ಲ್ ಏಕ್ಲಿ ಅವರ ತಂಡವು ಪ್ರದರ್ಶನಕ್ಕಾಗಿ ಐದು ಗೊರಿಲ್ಲಾಗಳನ್ನು ಕೊಂದಿತಾದರೂ, ಅದೇ ಏಕ್ಲಿ ಹಿಂದಿರುಗಿದ ಮೇಲೆ ಈ ಪ್ರಾಣಿಗೆ ರಕ್ಷಣೆ ಬೇಕೆಂದು ವಾದಿಸಿದರು. ಬೆಲ್ಜಿಯಂನ ದೊರೆ ಆಲ್ಬರ್ಟ್ 1925ರಲ್ಲಿ ತನ್ನ ಹೆಸರಿನ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದ್ದಕ್ಕೆ ಆ ಒತ್ತಾಯವೂ ಒಂದು ಕಾರಣ. ಮರುವರ್ಷ ಮತ್ತೆ ಬಂದ ಏಕ್ಲಿ ಮಿಕೆನೊ ಬೆಟ್ಟದಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅವರ ಸಮಾಧಿಯಿರುವ ಕಬಾರ ಎಂಬ ಹುಲ್ಲುಬಯಲು ಮುಂದೆ ಗೊರಿಲ್ಲಾಗಳ ಅಧ್ಯಯನದ ಮುಖ್ಯ ನೆಲೆಯಾಯಿತು.

1959ರಲ್ಲಿ ಅಲ್ಲಿ ಬೀಡುಬಿಟ್ಟ ಜಾರ್ಜ್ ಶಾಲರ್, ಗೊರಿಲ್ಲಾಗಳ ಕಣ್ಣಿಗೆ ಬೀಳುವಂತೆಯೇ ಸುಮ್ಮನೆ ಕುಳಿತು ನೋಡುವ ಕ್ರಮವನ್ನು ಅನುಸರಿಸಿದರು. ಅವರ ಟಿಪ್ಪಣಿಗಳಿಂದ ಹೊರಬಂದದ್ದು ಹತ್ತೊಂಬತ್ತನೆಯ ಶತಮಾನದ ಪ್ರವಾಸಕಥನಗಳ ರಕ್ತಪಿಪಾಸು ಮೃಗವಲ್ಲ. ಕಾಡುಸೆಲರಿ, ಗಿಡದ ತಿರುಳು, ಎಲೆ ಮತ್ತು ಬಿದಿರಿನ ಕಳಲೆಗಳನ್ನು ತಿಂದು, ಪ್ರತಿ ಸಂಜೆ ಸೊಪ್ಪುಸದೆಗಳನ್ನು ಮಡಚಿ ಹೊಸ ಹಾಸಿಗೆ ಮಾಡಿಕೊಂಡು ಮಲಗುವ, ಗುಂಪಾಗಿ ಬಾಳುವ ಜೀವಿ. ಎದೆ ಬಡಿದುಕೊಳ್ಳುವುದು ಬಹುಪಾಲು ಕಾದಾಟವನ್ನು ತಪ್ಪಿಸುವ ಸೂಚನೆಯೆಂಬುದನ್ನು ಇಂದಿನ ಸಂಶೋಧನೆಯೂ ಬೆಂಬಲಿಸುತ್ತದೆ: 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೊಡ್ಡ ಮೈಯ ಗಂಡಿನ ಎದೆಬಡಿತದ ಸದ್ದು ಹೆಚ್ಚು ತಗ್ಗಿನ ಸ್ವರದ್ದಾಗಿರುವುದರಿಂದ ಎದುರಾಳಿಗೆ ಅದರ ಗಾತ್ರ ದೂರದಿಂದಲೇ ತಿಳಿಯಬಲ್ಲದೆಂದು ತೋರಿಸಿತು.

ಗುಂಪಿನ ಆಧಾರವೆಂದರೆ ಬೆಳ್ಳಿಬೆನ್ನಿನ ಗಂಡು, ಅಂದರೆ ಹನ್ನೆರಡು ಹದಿಮೂರು ವರ್ಷ ದಾಟಿ ಬೆನ್ನಿನ ಕೂದಲು ನರೆತ ಪ್ರೌಢ ಗಂಡು. ಸುಮಾರು 160 ಕಿಲೋ ತೂಗುವ ಇದು ಸತ್ತರೆ ಆಗುವ ನಷ್ಟ ಒಂದು ಪ್ರಾಣಿಯದಷ್ಟೇ ಅಲ್ಲ. ಜಾಗ ತುಂಬುವ ಮತ್ತೊಂದು ಗಂಡು ಇಲ್ಲದಿದ್ದರೆ ಗುಂಪು ಚದುರುತ್ತದೆ, ಹೆಣ್ಣುಗಳು ಬೇರೆ ಗುಂಪುಗಳಿಗೆ ಸೇರುತ್ತವೆ, ಹೊಸ ಗಂಡು ಹಾಲು ಕುಡಿಯುವ ಮರಿಗಳನ್ನು ಕೊಲ್ಲುವುದೂ ಉಂಟು. ಎಂಟೂವರೆ ತಿಂಗಳು ಗರ್ಭ ಧರಿಸಿ, ಸುಮಾರು ನಾಲ್ಕು ವರ್ಷಕ್ಕೊಂದು ಮರಿ ಹಾಕುವ ಹೆಣ್ಣಿಗೆ ಈ ನಷ್ಟವನ್ನು ತುಂಬಿಕೊಡುವುದು ಸುಲಭವಲ್ಲ. 1967ರಲ್ಲಿ ಕಬಾರದಿಂದ ಹೊರಡಬೇಕಾಗಿ ಬಂದು, ರುವಾಂಡದ ಕಡೆಯ ಕರಿಸಿಂಬಿ ಮತ್ತು ವಿಸೋಕೆ ಬೆಟ್ಟಗಳ ನಡುವೆ ಕರಿಸೋಕೆ ಸಂಶೋಧನಾ ಕೇಂದ್ರವನ್ನು ಕಟ್ಟಿದ ಡಯಾನ್ ಫಾಸಿ ಇದನ್ನು ಕಣ್ಣಾರೆ ಕಂಡರು. ಅವರು ವರ್ಷಗಟ್ಟಲೆ ಗಮನಿಸಿದ್ದ ಗುಂಪಿನಲ್ಲಿ ಡಿಜಿಟ್ ಎಂಬ ಗಂಡು 1977ರ ಕೊನೆಯಲ್ಲಿಯೂ, ನಾಯಕ ಅಂಕಲ್ ಬರ್ಟ್ 1978ರ ಜುಲೈಯಲ್ಲಿಯೂ ಕಳ್ಳಬೇಟೆಗೆ ಬಲಿಯಾದ ಮೇಲೆ ಆ ಗುಂಪೇ ಒಡೆದುಹೋಯಿತು. ಫಾಸಿಯವರೂ 1985ರ ಡಿಸೆಂಬರಿನಲ್ಲಿ ತಮ್ಮ ಗುಡಿಸಲಿನಲ್ಲೇ ಕೊಲೆಯಾದರು.

ಕಳ್ಳಬೇಟೆಗಿಂತಲೂ ದೊಡ್ಡ ಪೆಟ್ಟು ಸದ್ದಿಲ್ಲದೆ ಬಿದ್ದದ್ದು ನೆಲದ ಮೇಲೆ. 1960ರ ದಶಕದ ಕೊನೆಯಲ್ಲಿ ರುವಾಂಡದ ಉದ್ಯಾನದ ಸುಮಾರು 10,000 ಹೆಕ್ಟೇರ್ ಕಾಡನ್ನು, ಕೀಟನಾಶಕ ಕೊಡುವ ಪೈರೆಥ್ರಮ್ ಹೂವಿನ ಬೆಳೆಗೆ ಬಿಟ್ಟುಕೊಡಲಾಯಿತು. ಶಾಲರ್ ಅಂದಾಜಿನಲ್ಲಿ ಸುಮಾರು 450 ಇದ್ದ ವಿರುಂಗದ ಗೊರಿಲ್ಲಾಗಳು 1980ರ ದಶಕದ ಆರಂಭಕ್ಕೆ ಸುಮಾರು 250ಕ್ಕೆ ಇಳಿದವು. ಏರಿಕೆ ಆರಂಭವಾದದ್ದು ಕಾವಲುಗಾರರ ನಿತ್ಯ ಗಸ್ತು, ಉರುಳುಗಳ ತೆರವು, ಕಾಡಿನಲ್ಲೇ ಚಿಕಿತ್ಸೆ ನೀಡುವ ಪಶುವೈದ್ಯರು, ಮತ್ತು 1979ರಿಂದ ರೂಪುಗೊಂಡ ನಿಯಂತ್ರಿತ ಪ್ರವಾಸೋದ್ಯಮಗಳು ಒಟ್ಟುಗೂಡಿದಾಗ. ಪ್ರವಾಸಿಗರನ್ನು ಕರೆದೊಯ್ಯುವ ಮೊದಲು ಗುಂಪನ್ನು ಮನುಷ್ಯರ ಇರುವಿಕೆಗೆ ನಿಧಾನವಾಗಿ ಒಗ್ಗಿಸಬೇಕಾಗುತ್ತದೆ. ಆದರೆ ಹಾಗೆ ಒಗ್ಗಿದ ಗೊರಿಲ್ಲಾಕ್ಕೆ ಮನುಷ್ಯರ ನೆಗಡಿಯಂಥ ಶ್ವಾಸರೋಗವೂ ಪ್ರಾಣಾಂತಿಕವಾಗಬಹುದಾದ್ದರಿಂದ, ನೋಡುಗರನ್ನು ದೂರದಲ್ಲಿ ನಿಲ್ಲಿಸುವ ನಿಯಮವೂ ಅಷ್ಟೇ ಮುಖ್ಯ. ಈ ರಕ್ಷಣೆಗೆ ಬೆಲೆ ತೆತ್ತವರೂ ಇದ್ದಾರೆ: ಈ ಗೊರಿಲ್ಲಾಗಳ ಇನ್ನೊಂದು ನೆಲೆಯಾದ ಉಗಾಂಡದ ಬ್ವಿಂಡಿ ಕಾಡು 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಬತ್ವಾ ಜನರು ತಮ್ಮ ಪೂರ್ವಿಕರ ನೆಲೆಯಿಂದ ಹೊರಹಾಕಲ್ಪಟ್ಟರು. ಅವರನ್ನು ಬಿಟ್ಟು ಈ ಚರಿತ್ರೆಯನ್ನು ಬರೆಯುವುದು ಅನ್ಯಾಯ.

2015-16ರ ಗಣತಿಯಲ್ಲಿ ವಿರುಂಗದಲ್ಲಿ 604, ಅನಂತರದ ಗಣತಿಯಲ್ಲಿ ಬ್ವಿಂಡಿಯಲ್ಲಿ 459 ಗೊರಿಲ್ಲಾಗಳು ಕಂಡುಬಂದು, ಒಟ್ಟು ಸಂಖ್ಯೆ 1,063 ಆಯಿತು. 2018ರಲ್ಲಿ ಈ ಉಪಪ್ರಭೇದವನ್ನು ತೀವ್ರ ಅಪಾಯದ ಪಟ್ಟಿಯಿಂದ ಅಪಾಯದ ಪಟ್ಟಿಗೆ ಇಳಿಸಲಾಯಿತು. ಆದರೆ ವಿರುಂಗದ ಕಾಡು ಸುಮಾರು 450 ಚದರ ಕಿಲೋಮೀಟರಿನಷ್ಟೇ ಇರುವುದರಿಂದ, ಒತ್ತೊತ್ತಾಗಿ ಬಾಳುವ ಗುಂಪುಗಳ ನಡುವೆ ಘರ್ಷಣೆಗಳೂ ಅವುಗಳಿಂದಾಗುವ ಮರಿಗಳ ಸಾವೂ ಹೆಚ್ಚಿವೆ. ಇನ್ನು ಮುಂದಿನ ಪ್ರಶ್ನೆ ಕಳ್ಳಬೇಟೆಯದಕ್ಕಿಂತ ಹೆಚ್ಚಾಗಿ ನೆಲದ್ದು. ಹಿಂದೆ ಕಡಿದ ಕಾಡಿನ ಒಂದು ಭಾಗವನ್ನಾದರೂ, ಅಲ್ಲಿ ಉಳುತ್ತಿರುವ ರೈತರಿಗೆ ನ್ಯಾಯವಾದ ಪರಿಹಾರ ಕೊಟ್ಟೇ, ಗೊರಿಲ್ಲಾಗಳಿಗೆ ಮರಳಿಸಬೇಕಾಗಿದೆ.