ನುರಿತ ಪೈಲಟ್‌ಗೂ ಚೆಕ್‌ಲಿಸ್ಟ್ ಯಾಕೆ ಬೇಕು?

ವಿಮಾನ ಟೇಕಾಫ್ ಆಗುವ ಮುನ್ನ ಕಾಕ್‌ಪಿಟ್‌ನಲ್ಲಿ ಒಬ್ಬ ಪೈಲಟ್ ಪಟ್ಟಿಯೊಂದನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಒಂದೊಂದಕ್ಕೂ ಉತ್ತರ ಕೊಡುತ್ತಾರೆ. ಸಾವಿರಾರು ಗಂಟೆ ಹಾರಿದವರೂ ಇದನ್ನು ಪ್ರತಿ ಸಲ ಮಾಡಲೇಬೇಕು. ಇದರ ಬಗ್ಗೆ ಜನರಲ್ಲಿ ಮೂರು ನಂಬಿಕೆಗಳಿವೆ. ಒಂದು, ಚೆಕ್‌ಲಿಸ್ಟ್ ಇರುವುದು ಹೊಸಬರಿಗೆ, ಅನುಭವಿಗಳಿಗೆ ಅದು ಬರೀ ಶಾಸ್ತ್ರ. ಎರಡು, ಪೈಲಟ್ ಏನಾದರೂ ಮರೆತರೆ ಯಂತ್ರವೇ ಎಚ್ಚರಿಸುತ್ತದೆ. ಮೂರು, ಅಪಘಾತಕ್ಕೆ ‘ಪೈಲಟ್ ತಪ್ಪು’ ಕಾರಣ ಎಂದು ಗೊತ್ತಾದರೆ ಅಲ್ಲಿಗೆ ವಿಷಯ ಮುಗಿಯಿತು. ಮೂರೂ ಎಷ್ಟು ನಿಜ ಎಂದು ನೋಡೋಣ.

ಚೆಕ್‌ಲಿಸ್ಟ್ ಹುಟ್ಟಿದ್ದು ಹೇಗೆ?

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ‘ಮಾಡೆಲ್ 299’ರ ಪರೀಕ್ಷಾ ಹಾರಾಟ ನಡೆದಿತ್ತು. ಮೇಲೇರಿದ ಕೆಲವೇ ಕ್ಷಣಗಳಲ್ಲಿ ಅದು ನೆಲಕ್ಕಪ್ಪಳಿಸಿ ಉರಿಯಿತು. ಇಬ್ಬರು ಪೈಲಟ್‌ಗಳು ಸತ್ತರು. ಇಬ್ಬರೂ ಪಳಗಿದ ಪರೀಕ್ಷಾ ಪೈಲಟ್‌ಗಳು. ನಿಂತ ವಿಮಾನದ ಬಾಲದ ಭಾಗಗಳು ಗಾಳಿಗೆ ಬಡಿದಾಡದಿರಲಿ ಎಂದು ಹಾಕುವ ಲಾಕ್ ಒಂದಿರುತ್ತದೆ. ಅದನ್ನು ಬಿಚ್ಚದೆಯೇ ವಿಮಾನ ಹೊರಟಿತ್ತು.

ಇದರ ನಂತರ ಸೇನೆಯ ಪೈಲಟ್‌ಗಳು ತರಬೇತಿ ಹೆಚ್ಚಿಸಿ ಎಂದು ಕೇಳಲಿಲ್ಲ. ಸತ್ತವರಿಗಿಂತ ಹೆಚ್ಚು ತರಬೇತಿ ಕೊಡುವುದಾದರೂ ಯಾರಿಗೆ? ಅವರು ಮಾಡಬೇಕಾದ ಕೆಲಸಗಳ ಚಿಕ್ಕ ಪಟ್ಟಿಯೊಂದನ್ನು ತಯಾರಿಸಿದರು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ 12 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ಎರಡನೇ ಮಹಾಯುದ್ಧದಲ್ಲಿ ಹಾರಿತು. ಅಂದರೆ ಚೆಕ್‌ಲಿಸ್ಟ್ ಹುಟ್ಟಿದ್ದೇ ಕೆಲಸ ಚೆನ್ನಾಗಿ ಗೊತ್ತಿದ್ದವರಿಗಾಗಿ.

ಫ್ಲ್ಯಾಪ್ ಮರೆತರೆ ಏನಾಗುತ್ತದೆ?

ಟೇಕಾಫ್‌ಗೆ ಮುನ್ನ ಮರೆಯಲೇಬಾರದ ಸಂಗತಿಗಳಲ್ಲಿ ಫ್ಲ್ಯಾಪ್ ಮತ್ತು ಸ್ಲ್ಯಾಟ್ ಮುಖ್ಯವಾದವು. ಜೆಟ್ ವಿಮಾನದ ರೆಕ್ಕೆಯನ್ನು ಎತ್ತರದಲ್ಲಿ ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರಲು ಹೊಂದುವಂತೆ ರೂಪಿಸಿರುತ್ತಾರೆ. ನೆಲ ಬಿಡುವಾಗ ವೇಗ ಅದರ ಮೂರನೇ ಒಂದು ಭಾಗದಷ್ಟೇ ಇರುತ್ತದೆ. ಆ ವೇಗದಲ್ಲಿ ವಿಮಾನದ ಭಾರ ಎತ್ತಲು ಬರೀ ರೆಕ್ಕೆ ಸಾಲದು. ಅದಕ್ಕೇ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನೂ ಮುಂಬದಿಯ ಸ್ಲ್ಯಾಟ್‌ಗಳನ್ನೂ ಹೊರಚಾಚಿ ರೆಕ್ಕೆಯ ಬಾಗು ಹೆಚ್ಚಿಸುತ್ತಾರೆ. ಆಗ ಕಡಿಮೆ ವೇಗದಲ್ಲೂ ಬೇಕಾದಷ್ಟು ಎತ್ತುವ ಬಲ ಸಿಗುತ್ತದೆ.

ಇವನ್ನು ಚಾಚದೆ ಹೊರಟರೆ ರನ್‌ವೇ ಮೇಲೆ ಏನೂ ವ್ಯತ್ಯಾಸ ಕಾಣಿಸದು. ಎಂಜಿನ್ ಸರಿಯಾಗಿರುತ್ತದೆ, ವೇಗ ಏರುತ್ತದೆ. ಮೂತಿ ಎತ್ತಿದ ಮೇಲೆಯೇ ತೊಂದರೆ ಶುರು. ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುವುದು. ನೆಲದಿಂದ ಕೆಲವೇ ಅಡಿ ಮೇಲೆ ಹೀಗಾದರೆ ಚೇತರಿಸಿಕೊಳ್ಳಲು ಎತ್ತರವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಡೆಟ್ರಾಯಿಟ್, 1987

1987ರ ಆಗಸ್ಟ್ 16ರ ರಾತ್ರಿ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಎಂಡಿ-82 ವಿಮಾನ ಅಮೆರಿಕದ ಡೆಟ್ರಾಯಿಟ್‌ನಿಂದ ಹೊರಟಿತು. ಅದು ರನ್‌ವೇ ಕಡೆ ಸಾಗುತ್ತಿದ್ದಾಗ ಪೈಲಟ್‌ಗಳಿಗೆ ಒಂದರ ಹಿಂದೆ ಒಂದು ಕೆಲಸ ಬಂತು. ಬಳಸಬೇಕಾದ ರನ್‌ವೇ ಬದಲಾಯಿತು, ಹೊಸ ಹವಾಮಾನ ಮಾಹಿತಿ ಪಡೆಯಬೇಕಾಯಿತು, ತೂಕ ಮತ್ತು ವೇಗದ ಲೆಕ್ಕವನ್ನು ಮತ್ತೆ ನೋಡಬೇಕಾಯಿತು. ಇದರ ಮಧ್ಯೆ ಒಂದು ತಿರುವೂ ತಪ್ಪಿಹೋಯಿತು. ಫ್ಲ್ಯಾಪ್ ಚಾಚುವುದು ಮಾಮೂಲಾಗಿ ಈ ಹೊತ್ತಿನ ಕೆಲಸ. ಅದನ್ನು ಪರೀಕ್ಷಿಸುವ ಚೆಕ್‌ಲಿಸ್ಟ್ ಓದಿದ ಸದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಎಲ್ಲೂ ಇಲ್ಲ.

ನೆಲ ಬಿಟ್ಟ ವಿಮಾನ ದೀಪದ ಕಂಬಕ್ಕೆ ತಗುಲಿ ರಸ್ತೆಯ ಮೇಲೆ ಬಿತ್ತು. ಒಳಗಿದ್ದ 155 ಜನರಲ್ಲಿ 154 ಮಂದಿ, ಕೆಳಗಿದ್ದ ಇಬ್ಬರು ಸತ್ತರು. ಉಳಿದದ್ದು ನಾಲ್ಕು ವರ್ಷದ ಒಂದು ಮಗು.

ಫ್ಲ್ಯಾಪ್ ಚಾಚದೆ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟರೆ ಕೂಗಿ ಎಚ್ಚರಿಸುವ ವ್ಯವಸ್ಥೆ ಆ ವಿಮಾನದಲ್ಲಿತ್ತು. ಅದು ಕೂಗಲಿಲ್ಲ. ಅದಕ್ಕೆ ವಿದ್ಯುತ್ತೇ ಹೋಗುತ್ತಿರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು.

ಮ್ಯಾಡ್ರಿಡ್, 2008

ಇಪ್ಪತ್ತೊಂದು ವರ್ಷಗಳ ನಂತರ ಅದೇ ಮಾದರಿಯ ವಿಮಾನ ಅದೇ ರೀತಿ ಬಿತ್ತು. 2008ರ ಆಗಸ್ಟ್ 20ರಂದು ಸ್ಪೇನ್‌ನ ಮ್ಯಾಡ್ರಿಡ್‌ನಿಂದ ಹೊರಡಬೇಕಿದ್ದ ಸ್ಪ್ಯಾನ್‌ಏರ್ ವಿಮಾನದಲ್ಲಿ ಹೊರಗಿನ ಗಾಳಿಯ ಉಷ್ಣತೆ ಅಳೆಯುವ ಸಾಧನ ಅತಿಯಾಗಿ ಬಿಸಿಯಾಗಿದ್ದರಿಂದ ಪೈಲಟ್‌ಗಳು ವಾಪಸ್ ಬಂದರು. ತಂತ್ರಜ್ಞರು ಆ ಸಾಧನದ ಹೀಟರ್‌ಗೆ ಹೋಗುವ ವಿದ್ಯುತ್ ತೆಗೆದು ವಿಮಾನವನ್ನು ಬಿಟ್ಟುಕೊಟ್ಟರು. ಅಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ತಡವಾಗಿತ್ತು.

ಎರಡನೇ ಸಲ ಎಂಜಿನ್ ಶುರು ಮಾಡಿ ಚೆಕ್‌ಲಿಸ್ಟ್ ಓದುತ್ತಿದ್ದಾಗ, ಫ್ಲ್ಯಾಪ್ ಪರೀಕ್ಷಿಸುವ ಸಾಲಿನ ಹೊತ್ತಿಗೆ ಸರಿಯಾಗಿ, ಹೊರಡಲು ಅನುಮತಿ ಕೇಳುವಂತೆ ಕ್ಯಾಪ್ಟನ್ ಸಹ ಪೈಲಟ್‌ಗೆ ಹೇಳಿದರು. ಆ ಸಾಲು ಅಲ್ಲಿಗೇ ನಿಂತಿತು. ಕೊನೆಯ ಚೆಕ್‌ಲಿಸ್ಟ್‌ನಲ್ಲಿ ಸಹ ಪೈಲಟ್ ಫ್ಲ್ಯಾಪ್‌ನ ಸಂಖ್ಯೆಯನ್ನು ಸರಿಯಾಗಿಯೇ ಹೇಳಿದರು. ಆದರೆ ಅದು ಇರಬೇಕಾದ ಸಂಖ್ಯೆ, ಮುಂದಿದ್ದ ಮಾಪಕ ತೋರಿಸುತ್ತಿದ್ದ ಸಂಖ್ಯೆಯಲ್ಲ. ಒಳಗಿದ್ದ 172 ಜನರಲ್ಲಿ 154 ಮಂದಿ ಸತ್ತರು, 18 ಮಂದಿ ಉಳಿದರು.

ಇಲ್ಲೂ ಎಚ್ಚರಿಕೆ ಕೂಗಲಿಲ್ಲ. ಉಷ್ಣತೆ ಅಳೆಯುವ ಸಾಧನದ ಹೀಟರ್ ವಿಮಾನ ಗಾಳಿಯಲ್ಲಿದ್ದಾಗ ಮಾತ್ರ ಕೆಲಸ ಮಾಡಬೇಕು, ಎಚ್ಚರಿಕೆ ವ್ಯವಸ್ಥೆ ನೆಲದ ಮೇಲಿದ್ದಾಗ ಮಾತ್ರ. ಎರಡಕ್ಕೂ ‘ಈಗ ನೆಲದ ಮೇಲಿದ್ದೇವೆಯೇ?’ ಎಂಬ ಸುದ್ದಿ ತಲುಪುತ್ತಿದ್ದುದು ಒಂದೇ ರಿಲೇ ಮೂಲಕ. ನೆಲದ ಮೇಲೆಯೇ ಹೀಟರ್ ಬಿಸಿಯಾದದ್ದು ಆ ರಿಲೇ ಕೆಟ್ಟಿರಬಹುದೆಂಬ ಸೂಚನೆಯಾಗಿತ್ತು. ಡೆಟ್ರಾಯಿಟ್ ಅಪಘಾತದ ನಂತರ, ಎಚ್ಚರಿಕೆ ವ್ಯವಸ್ಥೆಯನ್ನು ಪ್ರತಿ ಹಾರಾಟಕ್ಕೂ ಮುನ್ನ ಪರೀಕ್ಷಿಸಿ ಎಂದು ವಿಮಾನ ತಯಾರಕರು ಕಂಪನಿಗಳಿಗೆ ಸಲಹೆ ಕೊಟ್ಟಿದ್ದರು. ಅದು ಬರೀ ಸಲಹೆಯಾಗಿತ್ತು. ಸ್ಪ್ಯಾನ್‌ಏರ್‌ನಲ್ಲಿ ಪ್ರತಿ ಹಾರಾಟಕ್ಕೂ ಪರೀಕ್ಷಿಸುವ ಪದ್ಧತಿ ಇರಲಿಲ್ಲ.

ಕೂಗಿದರೂ ಕೇಳಿಸದಿದ್ದರೆ?

1999ರ ಆಗಸ್ಟ್ 31ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಲಾಪಾ ಕಂಪನಿಯ ಬೋಯಿಂಗ್ 737 ವಿಮಾನವೂ ಫ್ಲ್ಯಾಪ್ ಚಾಚದೆ ಹೊರಟಿತು. ಇಲ್ಲಿ ಎಚ್ಚರಿಕೆ ವ್ಯವಸ್ಥೆ ಸರಿಯಾಗಿತ್ತು. ವಿಮಾನ ರನ್‌ವೇ ಮೇಲೆ ಓಡುತ್ತಿದ್ದಾಗ ಹಾರ್ನ್ ಕೂಗುತ್ತಲೇ ಇತ್ತು. ಅದಕ್ಕೆ ಮೊದಲು ಚೆಕ್‌ಲಿಸ್ಟ್ ಓದುವ ಹೊತ್ತಿನಲ್ಲಿ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಮಾತುಕತೆ ನಡೆದಿತ್ತು. ಹಾರ್ನ್ ಯಾಕೆ ಕೂಗುತ್ತಿದೆ ಎಂದು ಪೈಲಟ್‌ಗಳು ಅರ್ಥ ಮಾಡಿಕೊಳ್ಳಲಿಲ್ಲ, ಟೇಕಾಫ್ ನಿಲ್ಲಿಸಲೂ ಇಲ್ಲ. ವಿಮಾನ ರನ್‌ವೇ ದಾಟಿ ರಸ್ತೆಗೆ ನುಗ್ಗಿತು. 65 ಜನ ಸತ್ತರು.

ಆದ್ದರಿಂದ ಯಂತ್ರ ಎಚ್ಚರಿಸುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅದು ಕೊನೆಯ ತಡೆ. ಮೊದಲಿನ ತಡೆಗಳನ್ನೆಲ್ಲ ದಾಟಿ ಬಂದ ಮೇಲೆ ಅದೊಂದನ್ನೇ ನಂಬುವಂತಿಲ್ಲ.

ಗೊತ್ತಿದ್ದವರೇ ಯಾಕೆ ಮರೆಯುತ್ತಾರೆ?

ಹೊಸಬರು ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತಾರೆ. ಅನುಭವಿಗಳ ಕೈ ತಾನಾಗಿಯೇ ಕೆಲಸ ಮಾಡುತ್ತದೆ, ಒಂದು ಹೆಜ್ಜೆ ಮುಂದಿನ ಹೆಜ್ಜೆಯನ್ನು ಎಳೆದು ತರುತ್ತದೆ. ಈ ಸರಪಳಿ ಮಧ್ಯೆ ತುಂಡಾದರೆ ಬಿಟ್ಟುಹೋದ ಕೊಂಡಿಯನ್ನು ನೆನಪಿಸಲು ಯಾವ ಸೂಚನೆಯೂ ಉಳಿಯುವುದಿಲ್ಲ. ಅಡುಗೆ ಮಾಡುವಾಗ ಯಾರೋ ಬಾಗಿಲು ತಟ್ಟಿದರೆ, ವಾಪಸ್ ಬಂದ ಮೇಲೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಗೊಂದಲ ಬರುವುದು ಇದರಿಂದಲೇ. ನೂರು ಸಲ ಹಾಕಿದ ನೆನಪು ಇರುತ್ತದೆ, ಈ ಸಲ ಹಾಕಿದ ನೆನಪು ಇರುವುದಿಲ್ಲ.

ಇನ್ನೊಂದು ಕಾರಣ ನಮ್ಮ ಕಣ್ಣು. ಸಾವಿರ ಸಲ ಸರಿಯಾಗಿದ್ದುದನ್ನು ನೋಡಿದವರಿಗೆ ಸಾವಿರದ ಒಂದನೇ ಸಲವೂ ಸರಿಯಾಗಿದೆ ಎಂದೇ ತೋರುತ್ತದೆ. ಬಾಯಿ ಉತ್ತರ ಹೇಳಿಬಿಡುತ್ತದೆ, ಕಣ್ಣು ನೋಡಿರುವುದಿಲ್ಲ. ಮ್ಯಾಡ್ರಿಡ್‌ನ ಕೊನೆಯ ಚೆಕ್‌ಲಿಸ್ಟ್ ಇದಕ್ಕೆ ಉದಾಹರಣೆ. ಪಟ್ಟಿಯನ್ನು ಬಾಯಿಪಾಠದಂತೆ ಒಪ್ಪಿಸಿದರೆ ಅದು ಇದ್ದೂ ಇಲ್ಲದಂತೆ.

ಹಾಗಾದರೆ ತಪ್ಪು ಪೈಲಟ್‌ನದಲ್ಲವೇ?

ತಪ್ಪು ನಡೆದದ್ದು ನಿಜ. ಎರಡೂ ಎಂಡಿ-82 ಅಪಘಾತಗಳ ತನಿಖಾ ವರದಿಗಳು ಅದನ್ನು ನೇರವಾಗಿ ಹೇಳಿವೆ, ಜೊತೆಗೇ ಎಚ್ಚರಿಕೆ ಕೂಗದ್ದನ್ನೂ ಹೇಳಿವೆ. ಆದರೆ ಪೈಲಟ್‌ನ ಹೆಸರು ಬರೆದು ಕಡತ ಮುಚ್ಚಿದ್ದರೆ ಮುಂದಿನ ಪೈಲಟ್‌ಗೆ ಏನೂ ಪ್ರಯೋಜನವಾಗುತ್ತಿರಲಿಲ್ಲ. ಮರೆಯುವುದನ್ನು ನಿಲ್ಲಿಸಲಾಗದು. ಮರೆತದ್ದು ಸಮಯಕ್ಕೆ ಸರಿಯಾಗಿ ಕಣ್ಣಿಗೆ ಬೀಳುವಂತೆ ಮಾಡಬಹುದು. ಬದಲಾವಣೆಗಳು ಬಂದದ್ದು ಆ ದಿಕ್ಕಿನಲ್ಲಿ:

• 10 ಸಾವಿರ ಅಡಿಗಿಂತ ಕೆಳಗೆ ಮತ್ತು ನೆಲದ ಮೇಲೆ ಸಾಗುವಾಗ ಕಾಕ್‌ಪಿಟ್‌ನಲ್ಲಿ ಅನಗತ್ಯ ಮಾತು ಬೇಡ ಎಂಬ ನಿಯಮವನ್ನು ಅಮೆರಿಕ 1981ರಲ್ಲಿ ತಂದಿತು. ಇಂಥ ನಿಯಮ ಈಗ ಬೇರೆ ದೇಶಗಳಲ್ಲೂ ಇದೆ.

• ಚೆಕ್‌ಲಿಸ್ಟ್ ಮಧ್ಯೆ ಅಡ್ಡಿ ಬಂದರೆ ಅಂದಾಜಿನ ಮೇಲೆ ಮುಂದುವರಿಸದೆ ಮೊದಲಿನಿಂದ ಓದಬೇಕು ಎಂದು ಕಲಿಸುತ್ತಾರೆ.

• ಮ್ಯಾಡ್ರಿಡ್ ಅಪಘಾತದ ನಂತರ ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಈ ಮಾದರಿಯ ವಿಮಾನಗಳಲ್ಲಿ ಪ್ರತಿ ಹಾರಾಟಕ್ಕೂ ಮುನ್ನ ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು.

• ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಏರ್‌ಬಸ್ ಎ320ರಲ್ಲಿ, ಟೇಕಾಫ್‌ಗೆ ಎಲ್ಲವೂ ಸಿದ್ಧವಾಗಿದೆಯೇ ಎಂದು ಮೊದಲೇ ನೋಡಲು ಒಂದು ಬಟನ್ ಇದೆ. ಬೋಯಿಂಗ್ 777ರ ಪರದೆಯ ಮೇಲಿನ ಚೆಕ್‌ಲಿಸ್ಟ್‌ನಲ್ಲಿ ಕೆಲವು ಸಾಲುಗಳು ಆ ಕೆಲಸ ನಿಜವಾಗಿ ಆದ ಮೇಲಷ್ಟೇ ಹಸಿರಾಗುತ್ತವೆ.

ರೆಕ್ಕೆಯ ಹಿಂದಿನ ಕಿಟಕಿ ಸೀಟು ಸಿಕ್ಕಿದರೆ ಫ್ಲ್ಯಾಪ್ ಹೊರಚಾಚುವುದನ್ನು ನೀವೂ ನೋಡಬಹುದು. ಎಷ್ಟು ಚಾಚಬೇಕು ಎನ್ನುವುದು ವಿಮಾನದ ಮಾದರಿ, ತೂಕ ಮತ್ತು ರನ್‌ವೇಯನ್ನು ಅವಲಂಬಿಸಿರುತ್ತದೆ, ಆದ್ದರಿಂದ ಕಡಿಮೆ ಕಂಡರೆ ಗಾಬರಿ ಬೇಡ. ಇನ್ನು, ತಡವಾದ ವಿಮಾನ ರನ್‌ವೇ ಪಕ್ಕದಲ್ಲಿ ಇನ್ನೂ ಎರಡು ನಿಮಿಷ ನಿಂತರೆ ಬೇಸರವಾಗುವುದು ಸಹಜ. ಆದರೆ ಗಡಿಬಿಡಿಯಲ್ಲಿ ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೇಲೆ ನೋಡಿದ್ದೇವೆ. ಪೈಲಟ್‌ಗಳು ಆ ಪಟ್ಟಿಯನ್ನು ಮತ್ತೊಮ್ಮೆ ಓದುತ್ತಿದ್ದರೆ, ಆ ಎರಡು ನಿಮಿಷ ನಮ್ಮ ಸುರಕ್ಷತೆಗಾಗಿಯೇ ಖರ್ಚಾಗುತ್ತಿರುತ್ತದೆ.